ಒಂದು ಬಟನ್‌ಗೆ ಎರಡು ಕೆಲಸ: ಮನೆಯಲ್ಲೇ ಕಟ್ಟಿದ ಆರ್ಕೇಡ್ ಪ್ಯಾನೆಲ್‌ನ ದೋಷ ಪತ್ತೆ

ಆರ್ಕೇಡ್ ಪ್ಯಾನೆಲ್ ಕಟ್ಟುವವರಿಗೆ ಜಾಗ ಯಾವತ್ತೂ ಸಾಲುವುದಿಲ್ಲ. ಇಬ್ಬರಿಗೆ ಜಾಯ್‌ಸ್ಟಿಕ್, ತಲಾ ಆರು ಬಟನ್, ಸ್ಟಾರ್ಟ್, ಕಾಯಿನ್ ಇಷ್ಟಾಗುವ ಹೊತ್ತಿಗೆ ಹಲಗೆ ತುಂಬಿರುತ್ತದೆ. ಮೆನು, ಪಾಸ್, ಎಕ್ಸಿಟ್‌ಗೆ ಮತ್ತೆ ತೂತು ಕೊರೆಯಲು ಮನಸ್ಸು ಬರುವುದಿಲ್ಲ. ಹಾಗಾಗಿ ಇರುವ ಬಟನ್‌ಗೇ ಇನ್ನೊಂದು ಕೆಲಸ ಹಚ್ಚುತ್ತೇವೆ. ಸ್ಟಾರ್ಟ್ ಒತ್ತಿ ಹಿಡಿದರೆ ಶಿಫ್ಟ್, ಅಂದರೆ ಆಗ ಉಳಿದ ಬಟನ್‌ಗಳು ತಮ್ಮ ಎರಡನೇ ಕೆಲಸ ಮಾಡುತ್ತವೆ. ಪಿನ್‌ಬಾಲ್‌ಗೆಂದು ಪಕ್ಕದಲ್ಲಿ ಕೂರಿಸಿದ ಬಟನ್‌ಗಳೇ ಮೌಸ್ ಕ್ಲಿಕ್.

ಇಂಥ ಬಟನ್ ಕೈಕೊಟ್ಟಾಗ ಎಲ್ಲ ವೈರ್ ಕಿತ್ತು ಮತ್ತೆ ಹಾಕಬೇಕು ಅನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಒಂದು ವಿಷಯ ಗೊತ್ತು ಮಾಡಿಕೊಳ್ಳಿ: ಆ ಎರಡನೇ ಕೆಲಸ ಹುಟ್ಟುವುದು ಎಲ್ಲಿ? ವೈರಿನಲ್ಲಾ, ಎನ್‌ಕೋಡರ್ ಬೋರ್ಡ್ (ಬಟನ್ ಒತ್ತಿದ್ದನ್ನು ಕಂಪ್ಯೂಟರ್‌ಗೆ ತಿಳಿಸುವ ಬೋರ್ಡ್) ಒಳಗಾ, ಇಲ್ಲ ಆಟ ಓಡಿಸುವ ಸಾಫ್ಟ್‌ವೇರ್‌ನಲ್ಲಾ? ಒಂದು ಬಟನ್‌ನಿಂದ ಎರಡು ಇನ್‌ಪುಟ್‌ಗೆ ವೈರ್ ಹೋಗಿದ್ದರೆ ಅದು ವೈರಿನ ಜೋಡಣೆ. ಒಂದೇ ವೈರ್ ಹೋಗಿ, ಹಿಡಿದಾಗ ಬೇರೆ ಕೀ ಬಂದರೆ ಅದು ಬೋರ್ಡಿನ ಕೆಲಸ. ಬೋರ್ಡ್ ಬರೀ ಬಟನ್ ನಂಬರ್ ಕಳಿಸಿ, ಅರ್ಥ ಹಚ್ಚುವುದು ಎಮ್ಯುಲೇಟರ್ (ಹಳೇ ಯಂತ್ರದ ಆಟವನ್ನು ಕಂಪ್ಯೂಟರ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಆದರೆ ಸ್ಕ್ರೂಡ್ರೈವರ್ ಮುಟ್ಟುವ ಅಗತ್ಯವೇ ಇಲ್ಲದಿರಬಹುದು.

ಎಲ್ಲ ಲಕ್ಷಣಕ್ಕೂ ಹೊಂದುವ ಒಂದು ಉಪಾಯ ಇದೆ. ಎರಡನೇ ಕೆಲಸವನ್ನು ಪೂರ್ತಿ ತೆಗೆದುಹಾಕಿ, ಬಟನ್ ಒಂದೇ ಕೆಲಸವನ್ನು ನೆಟ್ಟಗೆ ಮಾಡುತ್ತದಾ ನೋಡಿ. ಮಾಡಿದರೆ ಬಟನ್, ವೈರ್, ಗ್ರೌಂಡ್ (ಎಲ್ಲ ಬಟನ್‌ಗೂ ಸೇರಿದ ಸೊನ್ನೆ ವೋಲ್ಟ್ ವೈರ್) ಮೂರೂ ಚೆನ್ನಾಗಿವೆ, ತಪ್ಪು ಜೋಡಣೆಯಲ್ಲಿದೆ. ಮಾಡದಿದ್ದರೆ ಶಿಫ್ಟ್, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಭಾಗ) ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ. ಮುಂದಿನ ಬಹುತೇಕ ಪರೀಕ್ಷೆಗಳು ಇದರ ಮೇಲೇ ನಿಂತಿವೆ.

ಕೈ ಹಾಕುವ ಮುಂಚೆ

ಬಟನ್ ವೈರುಗಳಲ್ಲಿ ಇರುವುದು 5 ಇಲ್ಲವೇ 3.3 ವೋಲ್ಟ್. ಅದರಿಂದ ಮೈಗೆ ಅಪಾಯ ಇಲ್ಲ. ಆದರೆ ಅದೇ ಪೆಟ್ಟಿಗೆಯೊಳಗೆ ಪವರ್ ಸಪ್ಲೈ, ಮಾನಿಟರ್, ಮೇಲಿನ ಹೆಸರು ಫಲಕದ ದೀಪ ಇರುತ್ತವೆ. ಅವುಗಳಲ್ಲಿ ಗೋಡೆಯ ಸಾಕೆಟ್‌ನ ಕರೆಂಟ್ ಓಡುತ್ತದೆ. ಆದ್ದರಿಂದ ಪ್ಯಾನೆಲ್ ಎತ್ತುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ. ಯುಎಸ್‌ಬಿ ಕೇಬಲ್ಲನ್ನೂ ಬಿಡಿಸಿ.

ಒಳಗೆ ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್ ಇದ್ದರೆ ಅದರ ಹಿಂಭಾಗದ ಹತ್ತಿರ ಕೈ ಒಯ್ಯಲೇಬೇಡಿ. ಬಣ್ಣದ ಟ್ಯೂಬ್‌ನಲ್ಲಿ 20,000 ವೋಲ್ಟ್ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಪ್ಯಾನೆಲ್ಲನ್ನು ಹೊರಗೆ ತಂದು ಮೇಜಿನ ಮೇಲೆ ಬೋರಲು ಹಾಕಿ ಕೆಲಸ ಮಾಡುವುದು ಒಳ್ಳೆಯದು.

ಬೇಕಾಗುವ ಸಾಮಾನು ಕಡಿಮೆ. ಬೀಪ್ ಮಾಡುವ ಮಲ್ಟಿಮೀಟರ್, ಚೆನ್ನಾಗಿದೆ ಅಂತ ಗೊತ್ತಿರುವ ಒಂದು ಮೈಕ್ರೋಸ್ವಿಚ್ (ಬಟನ್ ಕೆಳಗೆ ಕೂರುವ ಪುಟ್ಟ ಸ್ವಿಚ್), ಎರಡು ಕ್ರೊಕೊಡೈಲ್ ಕ್ಲಿಪ್ ವೈರ್. ಏನನ್ನಾದರೂ ಕೀಳುವ ಮೊದಲು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಇಪ್ಪತ್ತು ಕಪ್ಪು ವೈರುಗಳ ನಡುವೆ ಯಾವುದು ಎಲ್ಲಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ಮಾತು. ಆಟದೊಳಗೆ ಪರೀಕ್ಷೆ ಮಾಡಬೇಡಿ. ಆಟ ತನ್ನದೇ ಅರ್ಥ ಹಚ್ಚುತ್ತದೆ, ಅದರಿಂದ ಗೊಂದಲ ಜಾಸ್ತಿ. ಬೋರ್ಡ್ ಕೀಬೋರ್ಡ್‌ನಂತೆ ವರ್ತಿಸುವುದಾದರೆ ನೋಟ್‌ಪ್ಯಾಡ್ ತೆರೆದು ಒತ್ತಿ. ಜಾಯ್‌ಸ್ಟಿಕ್‌ನಂತೆ ವರ್ತಿಸುವುದಾದರೆ ವಿಂಡೋಸ್‌ನ ಗೇಮ್ ಕಂಟ್ರೋಲರ್ಸ್ ಕಿಟಕಿ ಸಾಕು. ಲಿನಕ್ಸ್‌ನಲ್ಲಿ ಎವ್‌ಟೆಸ್ಟ್ ಅನ್ನುವ ಪ್ರೋಗ್ರಾಂ ಎರಡಕ್ಕೂ ಆಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ಎಸ್ಕೇಪ್, ಕಂಟ್ರೋಲ್, ಶಿಫ್ಟ್ ಕೀಗಳು ಕಾಣುವುದಿಲ್ಲ ಅನ್ನುವುದು ನೆನಪಿರಲಿ. ಕಾಣಲಿಲ್ಲ ಅಂದ ಮಾತ್ರಕ್ಕೆ ಬಂದಿಲ್ಲ ಅಂತ ಅಲ್ಲ.

ಲಕ್ಷಣ: ಎರಡು ಕೆಲಸದಲ್ಲಿ ಒಂದೂ ಆಗುತ್ತಿಲ್ಲ

ಬಟನ್ ಒತ್ತಿ ಕಿವಿಗೊಟ್ಟು ಕೇಳಿ. ಟಿಕ್ ಸದ್ದು ಬರದಿದ್ದರೆ ಮೈಕ್ರೋಸ್ವಿಚ್ ತನ್ನ ಜಾಗದಿಂದ ಜಾರಿದೆ, ಅಥವಾ ಬಟನ್‌ನ ಕೆಳಗಿನ ನಟ್ ತೀರಾ ಬಿಗಿಯಾಗಿ ಒಳಗಿನ ಕಡ್ಡಿ ಓಡಾಡುತ್ತಿಲ್ಲ. ಸದ್ದಿಲ್ಲದ ಲೀಫ್ ಸ್ವಿಚ್ ಬಟನ್‌ಗಳಿಗೆ ಈ ಮಾತು ಹೊಂದುವುದಿಲ್ಲ.

ಟಿಕ್ ಬಂದರೆ ಮುಂದಿನ ಸಂಶಯ ಟರ್ಮಿನಲ್ ಮೇಲೆ. ಮೈಕ್ರೋಸ್ವಿಚ್‌ಗೆ ತೂರಿಸುವ ಲಗ್‌ಗಳು ಮುಖ್ಯವಾಗಿ ಎರಡು ಅಳತೆಯಲ್ಲಿ ಬರುತ್ತವೆ: 4.8 ಮಿಲಿಮೀಟರ್ ಮತ್ತು 2.8 ಮಿಲಿಮೀಟರ್. ಸಾನ್ವಾ ಥರದ ಜಪಾನಿ ಬಟನ್‌ಗಳದ್ದು ಚಿಕ್ಕದು. ದೊಡ್ಡ ಲಗ್ಗನ್ನು ಚಿಕ್ಕ ಟರ್ಮಿನಲ್‌ಗೆ ಹಾಕಿದರೆ ನೋಡಲು ಕೂತಂತೆ ಇರುತ್ತದೆ, ಆದರೆ ಸಂಪರ್ಕ ಬಂದು ಹೋಗಿ ಮಾಡುತ್ತದೆ. ಲಗ್ ಹಿಡಿದು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಬಂದರೆ ಅದು ಸಡಿಲ. ವೈರನ್ನೂ ಎಳೆದು ನೋಡಿ. ಪ್ಲಾಸ್ಟಿಕ್ ಹೊದಿಕೆಯನ್ನೇ ಹಿಡಿದು ಕ್ರಿಂಪ್ ಮಾಡಿದ್ದರೆ ತಾಮ್ರ ಲಗ್‌ಗೆ ತಾಗಿರುವುದೇ ಇಲ್ಲ.

ಈಗ ಗ್ರೌಂಡ್. ಹೆಚ್ಚಿನ ಪ್ಯಾನೆಲ್‌ಗಳಲ್ಲಿ ಒಂದೇ ಗ್ರೌಂಡ್ ವೈರ್ ಬಟನ್‌ನಿಂದ ಬಟನ್‌ಗೆ ಸರಪಳಿಯಂತೆ ಸಾಗುತ್ತದೆ. ನಡುವೆ ಒಂದು ಕಡೆ ಬಿಟ್ಟುಹೋದರೆ ಅದರಾಚೆಯ ಎಲ್ಲ ಬಟನ್‌ಗಳೂ ಸಾಯುತ್ತವೆ. ಆದ್ದರಿಂದ ಪಕ್ಕದ ಬಟನ್‌ಗಳನ್ನೂ ಒತ್ತಿ ನೋಡಿ. ಸಾಲಾಗಿ ಮೂರ್ನಾಲ್ಕು ಸತ್ತಿದ್ದರೆ ಬಟನ್‌ಗಳನ್ನು ಬಿಟ್ಟು ಸರಪಳಿ ಹಿಡಿಯಿರಿ. ಸರಪಳಿಯ ಎರಡೂ ತುದಿಯನ್ನು ಬೋರ್ಡಿನ ಗ್ರೌಂಡ್‌ಗೆ ಸೇರಿಸಿ ಉಂಗುರ ಮಾಡಿಬಿಟ್ಟರೆ ನಡುವೆ ಒಂದು ಕಡೆ ಕಡಿದರೂ ಬಟನ್‌ಗಳು ಬದುಕಿರುತ್ತವೆ. ಒಂದು ಗೇಣು ವೈರಿನ ಖರ್ಚು ಅಷ್ಟೇ. ನಾನಂತೂ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಕೊನೆಗೆ ಬೋರ್ಡಿನ ಪರೀಕ್ಷೆ. ಯುಎಸ್‌ಬಿ ಹಾಕಿ, ಕ್ರೊಕೊಡೈಲ್ ಕ್ಲಿಪ್ ವೈರಿನ ಒಂದು ತುದಿಯನ್ನು ಗ್ರೌಂಡ್‌ಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಆ ಇನ್‌ಪುಟ್ ಟರ್ಮಿನಲ್‌ಗೆ ಒಂದು ಕ್ಷಣ ತಾಗಿಸಿ. ಕೀ ಬಂದರೆ ಬೋರ್ಡ್ ಸರಿ ಇದೆ, ತೊಂದರೆ ವೈರಿನಲ್ಲಿ ಅಥವಾ ಬಟನ್‌ನಲ್ಲಿ. ಬರದಿದ್ದರೆ ಆ ಇನ್‌ಪುಟ್ ಸತ್ತಿದೆ, ಇಲ್ಲವೇ ಬೋರ್ಡಿನ ಸೆಟ್ಟಿಂಗ್‌ನಲ್ಲಿ ಅದಕ್ಕೆ ಕೀ ಕೊಟ್ಟಿಲ್ಲ. ತಾಗಿಸುವಾಗ ಪಕ್ಕದ 5 ವೋಲ್ಟ್ ಟರ್ಮಿನಲ್ ಮುಟ್ಟದಂತೆ ಎಚ್ಚರ. ಗ್ರೌಂಡ್ ಮತ್ತು 5 ವೋಲ್ಟ್ ಕೂಡಿದರೆ ಶಾರ್ಟ್ ಆಗುತ್ತದೆ.

ಲಕ್ಷಣ: ಕೈ ತೆಗೆದರೂ ಒತ್ತಿದ ಹಾಗೇ ಇದೆ

ಮೈಕ್ರೋಸ್ವಿಚ್‌ಗೆ ಮೂರು ಟರ್ಮಿನಲ್: ಕಾಮ್, ಎನ್‌ಓ, ಎನ್‌ಸಿ. ಎನ್‌ಓ ಒತ್ತಿದಾಗ ಕೂಡುತ್ತದೆ, ಎನ್‌ಸಿ ಒತ್ತಿದಾಗ ಬಿಡುತ್ತದೆ. ಗ್ರೌಂಡ್ ಕಾಮ್‌ಗೆ, ಬೋರ್ಡಿನ ಇನ್‌ಪುಟ್ ಎನ್‌ಓಗೆ ಹೋಗಬೇಕು. ಎನ್‌ಸಿಗೆ ಹಾಕಿದರೆ ಎಲ್ಲ ತಲೆಕೆಳಗು: ಸುಮ್ನೆ ಇದ್ದಾಗ ಕೀ ಬರುತ್ತಲೇ ಇರುತ್ತದೆ, ಒತ್ತಿದಾಗ ನಿಲ್ಲುತ್ತದೆ. ಸ್ವಿಚ್‌ನ ಮೈಮೇಲೆ ಅಕ್ಷರ ಅಚ್ಚಾಗಿರುತ್ತದೆ. ಅಳಿಸಿದ್ದರೆ ಮೀಟರ್‌ನ ಬೀಪ್ ಹೇಳುತ್ತದೆ.

ಶಿಫ್ಟ್ ಬಟನ್ ಹೀಗಾದರೆ ಲಕ್ಷಣ ಬೇರೆ ವೇಷದಲ್ಲಿ ಬರುತ್ತದೆ. ಶಿಫ್ಟ್ ಸದಾ ಹಿಡಿದಂತೆ ಇರುವುದರಿಂದ ಉಳಿದ ಬಟನ್‌ಗಳೆಲ್ಲ ತಮ್ಮ ಎರಡನೇ ಕೆಲಸ ಮಾಡತೊಡಗುತ್ತವೆ. ಜಾಯ್‌ಸ್ಟಿಕ್ ತಳ್ಳಿದರೆ ಮೆನು ತೆರೆಯುತ್ತದೆ, ಗುಂಡು ಹಾರಿಸಲು ಹೋದರೆ ಕಾಯಿನ್ ಬೀಳುತ್ತದೆ. ಇಡೀ ಬೋರ್ಡ್ ಕೆಟ್ಟಿದೆ ಅಂತ ಅನಿಸಿಬಿಡುತ್ತದೆ. ಬೋರ್ಡ್ ಬದಲಿಸುವ ಮೊದಲು ಶಿಫ್ಟ್ ಬಟನ್‌ನ ವೈರ್ ಒಂದನ್ನು ಕಿತ್ತು ನೋಡಿ. ಉಳಿದದ್ದೆಲ್ಲ ಸರಿಹೋದರೆ ತಪ್ಪು ಆ ಒಂದು ಸ್ವಿಚ್‌ನದ್ದು.

ಎರಡು ಬಟನ್‌ಗಳು ಒಂದೇ ಇನ್‌ಪುಟ್‌ಗೆ ಹೋಗುವ ಪ್ಯಾನೆಲ್‌ಗಳಲ್ಲೂ ಹೀಗೆ ಆಗುತ್ತದೆ. ಉದಾಹರಣೆಗೆ ಹಲಗೆ ಮೇಲಿನ ಬಟನ್, ಪಕ್ಕದ ಪಿನ್‌ಬಾಲ್ ಬಟನ್ ಎರಡೂ ಒಂದೇ ಕೀ ಕಳಿಸುವುದು. ಈ ಜೋಡಣೆ ಸರಿಯಾದದ್ದೇ, ಇದಕ್ಕೆ ಡಯೋಡ್ ಬೇಕಿಲ್ಲ. ಆದರೆ ಎರಡರಲ್ಲಿ ಒಂದು ಅಂಟಿಕೊಂಡರೂ ಇನ್ನೊಂದು ಸತ್ತಂತೆ ಕಾಣುತ್ತದೆ. ಒಂದೊಂದನ್ನೇ ಬಿಡಿಸಿ ನೋಡಿ.

ಲಕ್ಷಣ: ಬೇರೆ ಬಟನ್ ಒತ್ತಿದರೂ ಎರಡೂ ಕೆಲಸ ಆಗುತ್ತಿವೆ

ನೇರ ವೈರಿನಿಂದ ಜೋಡಿ ಬಟನ್ ಮಾಡಿದವರೆಲ್ಲ ಎದುರಿಸುವ ತೊಂದರೆ ಇದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪ್ಯಾನೆಲ್‌ನಲ್ಲಿ ಜಿಗಿಯಲು ಒಂದು ಬಟನ್, ಹೊಡೆಯಲು ಒಂದು ಬಟನ್ ಇದೆ. ಎರಡನ್ನೂ ಒಟ್ಟಿಗೆ ಒತ್ತಬೇಕಾದ ಆಟಕ್ಕೆಂದು ಮೂರನೇ ಬಟನ್ ಹಾಕಿ, ಅದರ ಎನ್‌ಓದಿಂದ ಎರಡು ವೈರ್ ಎಳೆದು ಆ ಎರಡೂ ಇನ್‌ಪುಟ್‌ಗೆ ಸೇರಿಸಿದಿರಿ. ಮೂರನೇ ಬಟನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಈಗ ಜಿಗಿಯುವ ಬಟನ್ ಒಂದನ್ನೇ ಒತ್ತಿದರೂ ಹೊಡೆತ ಬೀಳುತ್ತದೆ. ಯಾಕೆ? ಆ ಎರಡು ವೈರ್ ಮೂರನೇ ಬಟನ್‌ನ ಎನ್‌ಓದಲ್ಲಿ ಒಂದಕ್ಕೊಂದು ಕೂಡಿವೆ. ನೀವು ಅದನ್ನು ಒತ್ತಲಿ ಬಿಡಲಿ, ಎರಡು ಇನ್‌ಪುಟ್‌ಗಳು ಸದಾ ಒಂದೇ ಆಗಿವೆ.

ಮೊದಲು ಖಚಿತ ಮಾಡಿಕೊಳ್ಳಿ. ಪವರ್ ತೆಗೆದು, ಯಾವ ಬಟನ್ನೂ ಒತ್ತದೆ, ಮೀಟರ್‌ನ ಎರಡು ಕಡ್ಡಿಗಳನ್ನು ಆ ಎರಡು ಇನ್‌ಪುಟ್ ಟರ್ಮಿನಲ್‌ಗಳಿಗೆ ತಾಗಿಸಿ. ಬೀಪ್ ಬಂದರೆ ಇದೇ ರೋಗ. ಮೂರನೇ ಬಟನ್‌ನ ಎನ್‌ಓ ಲಗ್ ಕಿತ್ತು, ಆ ಎರಡು ವೈರ್‌ಗಳನ್ನು ಒಂದಕ್ಕೊಂದು ತಾಗದಂತೆ ಬೇರೆ ಮಾಡಿ. ಜಿಗಿತ, ಹೊಡೆತ ಬೇರೆ ಬೇರೆಯಾದರೆ ರೋಗ ಸಿಕ್ಕಿತು.

ಪರಿಹಾರ ಎರಡು ಪುಟ್ಟ ಡಯೋಡ್. ಪ್ರತಿ ಇನ್‌ಪುಟ್ ವೈರಿಗೂ ಒಂದೊಂದು. ದಿಕ್ಕು ಹೀಗೆ: ಪಟ್ಟಿ ಇರುವ ತುದಿ ಬಟನ್ ಕಡೆಗೆ, ಪಟ್ಟಿ ಇಲ್ಲದ ತುದಿ ಬೋರ್ಡ್ ಕಡೆಗೆ. ಎನ್‌ಕೋಡರ್ ತನ್ನ ಇನ್‌ಪುಟ್ ಕಾಲನ್ನು ಒಳಗಿನ ರೆಸಿಸ್ಟರ್ ಮೂಲಕ 5 ವೋಲ್ಟ್‌ನಲ್ಲಿ ಎತ್ತಿ ಹಿಡಿದಿರುತ್ತದೆ. ಬಟನ್ ಒತ್ತಿದಾಗ ಕರೆಂಟ್ ಬೋರ್ಡ್‌ನಿಂದ ಹೊರಟು, ಡಯೋಡ್ ದಾಟಿ, ಬಟನ್ ಮೂಲಕ ಗ್ರೌಂಡ್‌ಗೆ ಇಳಿಯುತ್ತದೆ. ಡಯೋಡ್ ಏಕಮುಖ ರಸ್ತೆ ಇದ್ದಂತೆ. ಎರಡು ಇನ್‌ಪುಟ್‌ನಿಂದಲೂ ಮೂರನೇ ಬಟನ್‌ಗೆ ಇಳಿಯಬಹುದು. ಆದರೆ ಅಲ್ಲಿಂದ ಇನ್ನೊಂದು ಇನ್‌ಪುಟ್‌ಗೆ ಹತ್ತಿ ಹೋಗಲು ದಾರಿ ಇಲ್ಲ. ಹಾಗಾಗಿ ಜಿಗಿತದ ಬಟನ್ ಒತ್ತಿದರೆ ಜಿಗಿತ ಮಾತ್ರ.

1ಎನ್4148 ಅನ್ನುವ ಗಾಜಿನ ಡಯೋಡ್ ಇದಕ್ಕೆ ಸಾಕು. ಅದರ ಕಾಲು ಬಲು ಸಣ್ಣ, ಗಾಜು ಬೇಗ ಒಡೆಯುತ್ತದೆ. ಬುಡದಲ್ಲೇ ಮಡಚದೆ ಸ್ವಲ್ಪ ದೂರ ಬಿಟ್ಟು ಮಡಚಿ. ಬೆಸುಗೆ ಹಾಕಿದ ಮೇಲೆ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ಬೆತ್ತಲೆ ಕಾಲು ಪಕ್ಕದ ಟರ್ಮಿನಲ್‌ಗೆ ತಾಗಿದರೆ ಹೊಸ ರೋಗ ಶುರು. ಬೆಸುಗೆ ಹಾಕುವಾಗ ಕಿಟಕಿ ತೆರೆದಿಡಿ, ಸೀಸ ಇರುವ ತಂತಿಯಾದರೆ ಆಮೇಲೆ ಕೈ ತೊಳೆದುಕೊಳ್ಳಿ.

ಡಯೋಡ್ ಬೇಡ ಅನಿಸಿದರೆ ಇನ್ನೂ ಒಂದು ದಾರಿ ಇದೆ. ಒಂದೇ ಒತ್ತಿಗೆ ಎರಡು ಬೇರೆ ಬೇರೆ ಸಂಪರ್ಕ ಮಾಡುವ ಡಬಲ್ ಪೋಲ್ ಸ್ವಿಚ್ ಹಾಕುವುದು, ಇಲ್ಲವೇ ಒಂದೇ ಬಟನ್ ಕೆಳಗೆ ಎರಡು ಮೈಕ್ರೋಸ್ವಿಚ್ ಕೂರಿಸುವುದು. ಎರಡನೆಯದರಲ್ಲಿ ಒಂದು ಕಿರಿಕಿರಿ ಇದೆ. ಎರಡೂ ಸ್ವಿಚ್ ಒಂದೇ ಆಳಕ್ಕೆ ಕೂರದಿದ್ದರೆ ಮೆತ್ತಗೆ ಒತ್ತಿದಾಗ ಒಂದೇ ಕೆಲಸ, ಜೋರಾಗಿ ಒತ್ತಿದಾಗ ಎರಡು ಕೆಲಸ ಆಗುತ್ತದೆ. ಅದೇ ಬೇಕಾಗಿದ್ದರೆ ಸರಿ, ಇಲ್ಲದಿದ್ದರೆ ಡಯೋಡೇ ಒಳ್ಳೆಯದು.

ಎರಡೂ ಕೆಲಸ ಒಟ್ಟಿಗೆ ಬೇಡ, ಒಂದು ಸಲಕ್ಕೆ ಒಂದೇ ಸಾಕು ಅನ್ನುವುದಾದರೆ ಡಯೋಡ್ ಜೋಡಣೆ ನಿಮಗಲ್ಲ. ಎನ್‌ಓದಿಂದ ಬಂದ ವೈರನ್ನು ಎರಡು ಕಡೆ ತಿರುಗುವ ಟಾಗಲ್ ಸ್ವಿಚ್‌ನ ನಡುಗಾಲಿಗೆ ಕೊಟ್ಟು, ಎರಡು ಪಕ್ಕದ ಕಾಲುಗಳನ್ನು ಎರಡು ಇನ್‌ಪುಟ್‌ಗೆ ಕೊಡಿ. ಆಟಕ್ಕೊಂದು, ಮೌಸ್‌ಗೊಂದು.

ಲಕ್ಷಣ: ಒಂದು ಬೋರ್ಡ್ ಆರಿಸಿದರೆ ಇನ್ನೊಂದರ ಬಟನ್ ತಾನಾಗೇ ಒತ್ತುತ್ತದೆ

ಒಂದೇ ಪ್ಯಾನೆಲ್ಲನ್ನು ಎರಡು ಯಂತ್ರಗಳಿಗೆ, ಅಂದರೆ ಒಂದು ಕಂಪ್ಯೂಟರ್‌ಗೆ, ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್‌ಗೆ ಹಂಚಿದವರಿಗೆ ಇದು ಕಾಣಿಸುತ್ತದೆ. ಎರಡೂ ಆನ್ ಇದ್ದಾಗ ಎಲ್ಲ ಸರಿ. ಒಂದನ್ನು ಆರಿಸಿದ ಕೂಡಲೇ ಇನ್ನೊಂದರಲ್ಲಿ ಹಲವು ಬಟನ್ ಒತ್ತಿದಂತೆ ಆಗುತ್ತದೆ.

ಆರಿದ ಬೋರ್ಡಿನ ಇನ್‌ಪುಟ್ ಕಾಲು ಬೇರೆಯವರ ಕರೆಂಟನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಇಳಿದ ವೋಲ್ಟೇಜನ್ನು ಆನ್ ಇರುವ ಬೋರ್ಡ್ ಬಟನ್ ಒತ್ತಿದ್ದು ಅಂತ ಓದುತ್ತದೆ. ಇದು ಬರೀ ತಪ್ಪು ಕೀ ಅಷ್ಟೇ ಅಲ್ಲ, ಆರಿದ ಬೋರ್ಡ್ ಅರ್ಧಂಬರ್ಧ ಜೀವ ಪಡೆದು ಹಾಳಾಗಲೂಬಹುದು. ಪೈನಂಥ 3.3 ವೋಲ್ಟ್ ಕಾಲುಗಳಿಗೆ 5 ವೋಲ್ಟ್ ಬೋರ್ಡ್ ನೇರ ಸೇರಿಸಿದರಂತೂ ಅಪಾಯ ಜಾಸ್ತಿ. ಮೇಲೆ ಹೇಳಿದ ದಿಕ್ಕಿನಲ್ಲೇ ಪ್ರತಿ ಇನ್‌ಪುಟ್‌ಗೂ ಡಯೋಡ್ ಹಾಕಿ, ಎರಡೂ ಬೋರ್ಡ್‌ಗಳ ಗ್ರೌಂಡ್ ಒಂದು ಮಾಡಿ. ಬಟನ್‌ಗಳು ಜಾಸ್ತಿ ಇದ್ದರೆ ನನ್ನ ಸಲಹೆ ಬೇರೆ: ಒಂದೇ ಯುಎಸ್‌ಬಿ ಎನ್‌ಕೋಡರ್ ಇಟ್ಟುಕೊಂಡು, ಆ ಯುಎಸ್‌ಬಿಯನ್ನು ಬೇಕಾದ ಯಂತ್ರಕ್ಕೆ ತಿರುಗಿಸುವ ಯುಎಸ್‌ಬಿ ಸ್ವಿಚ್ ಹಾಕಿ. ಎಷ್ಟೋ ಬೆಸುಗೆ ಉಳಿಯುತ್ತದೆ.

ಲಕ್ಷಣ: ಡಯೋಡ್ ಹಾಕಿದೆ, ಈಗ ಒಂದು ಕೆಲಸ ಸತ್ತಿದೆ

ಹೆಚ್ಚಿನ ಸಲ ಡಯೋಡ್ ತಿರುವುಮುರುವಾಗಿರುತ್ತದೆ. ಮೀಟರ್‌ನಲ್ಲಿ ಡಯೋಡ್ ಗುರುತಿನ ಸ್ಥಾನಕ್ಕೆ ತಿರುಗಿಸಿ, ಪವರ್ ತೆಗೆದು, ಕೆಂಪು ಕಡ್ಡಿ ಬೋರ್ಡ್ ಕಡೆಯ ತುದಿಗೆ, ಕಪ್ಪು ಕಡ್ಡಿ ಪಟ್ಟಿಯ ತುದಿಗೆ ಇಡಿ. 0.5ರಿಂದ 0.7ರ ಆಸುಪಾಸು ತೋರಿಸಬೇಕು. ಕಡ್ಡಿ ಅದಲು ಬದಲು ಮಾಡಿದಾಗ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಬಂದರೆ ಡಯೋಡ್ ಶಾರ್ಟ್ ಆಗಿದೆ. ಎರಡೂ ಕಡೆ ಏನೂ ಬರದಿದ್ದರೆ ಒಡೆದಿದೆ ಅಥವಾ ಬೆಸುಗೆ ಕೂತಿಲ್ಲ. ವೈರಿನಲ್ಲಿ ಇದ್ದಾಗ ಅಳತೆ ಗೊಂದಲ ಅನಿಸಿದರೆ ಒಂದು ಕಾಲು ಬಿಡಿಸಿ ಅಳೆಯಿರಿ.

ದಿಕ್ಕು ಸರಿ ಇದ್ದೂ ಆಗೊಮ್ಮೆ ಈಗೊಮ್ಮೆ ಮಾತ್ರ ಕೀ ಬರುತ್ತಿದೆಯಾ? ಹಾಗಾದರೆ ವೋಲ್ಟೇಜ್ ನೋಡಿ. ಯುಎಸ್‌ಬಿ ಹಾಕಿ, ಕಪ್ಪು ಕಡ್ಡಿ ಗ್ರೌಂಡ್‌ಗೆ, ಕೆಂಪು ಕಡ್ಡಿ ಇನ್‌ಪುಟ್‌ಗೆ. ಸುಮ್ನೆ ಇದ್ದಾಗ 5 ಅಥವಾ 3.3 ವೋಲ್ಟ್. ಒತ್ತಿದಾಗ ಡಯೋಡ್ ಇಲ್ಲದಿದ್ದರೆ ಸೊನ್ನೆಗೆ ಇಳಿಯುತ್ತದೆ, ಡಯೋಡ್ ಇದ್ದರೆ ಅರ್ಧ ವೋಲ್ಟ್ ಸುತ್ತ ನಿಲ್ಲುತ್ತದೆ. ಅಷ್ಟನ್ನು ಬೋರ್ಡ್‌ಗಳು ಒತ್ತಿದ್ದು ಅಂತಲೇ ಓದುತ್ತವೆ. ಲಿಯೊನಾರ್ಡೊ ಮಾದರಿಯ ಆರ್ಡುಯಿನೋಗಳಲ್ಲಿರುವ ಎಟಿಮೆಗಾ32ಯು4 ಚಿಪ್‌ಗೆ 5 ವೋಲ್ಟ್‌ನಲ್ಲಿ ಈ ಗಡಿ 0.9 ವೋಲ್ಟ್. 3.3 ವೋಲ್ಟ್‌ನಲ್ಲಿ ಓಡುವ ಪೈ ಪಿಕೋಗೆ 0.8 ವೋಲ್ಟ್. ಆದರೆ ದಾರಿಯಲ್ಲಿ ಒಂದರ ಹಿಂದೆ ಒಂದು ಎರಡು ಡಯೋಡ್ ಬಂದಿದ್ದರೆ ಒಂದು ವೋಲ್ಟ್ ಮೀರುತ್ತದೆ, ಬೋರ್ಡ್ ಅನುಮಾನದಲ್ಲಿ ಬೀಳುತ್ತದೆ. ಜೋಡಿ ಬಟನ್ ಮೇಲೆ ಮತ್ತೆ ಜೋಡಿ ಬಟನ್ ಹೆಣೆದಾಗ ಹೀಗಾಗುತ್ತದೆ. ಒಂದು ಡಯೋಡ್ ತೆಗೆಯಲು ದಾರಿ ಹುಡುಕಿ. ಆಗದಿದ್ದರೆ 1ಎನ್5817ನಂಥ ಶಾಟ್ಕಿ ಡಯೋಡ್ ಹಾಕಿ, ಅದರಲ್ಲಿ ಬೀಳುವ ವೋಲ್ಟೇಜ್ ಕಡಿಮೆ.

ಲಕ್ಷಣ: ಮೊದಲ ಕೆಲಸ ಸರಿ, ಶಿಫ್ಟ್ ಕೆಲಸ ಬರುತ್ತಿಲ್ಲ

ಇಲ್ಲಿ ವೈರ್ ಮುಟ್ಟಬೇಡಿ. ಮೊದಲ ಕೆಲಸ ಆಗುತ್ತಿದೆ ಅಂದರೆ ವೈರ್ ಚೆನ್ನಾಗಿದೆ ಅಂತಲೇ ಅರ್ಥ, ಅಲ್ವಾ?

ನಿಮ್ಮ ಬೋರ್ಡಿಗೆ ಶಿಫ್ಟ್ ಸೌಲಭ್ಯ ಇದೆಯಾ ಮೊದಲು ನೋಡಿ. ಐ-ಪ್ಯಾಕ್ ಅನ್ನುವ ಎನ್‌ಕೋಡರ್‌ನಲ್ಲಿ ಇದೆ. ಅದರ ಮೂಲ ಸೆಟ್ಟಿಂಗ್‌ನಲ್ಲಿ ಒಂದನೇ ಆಟಗಾರನ ಸ್ಟಾರ್ಟ್ ಬಟನ್ನೇ ಶಿಫ್ಟ್. ಅದನ್ನು ಹಿಡಿದು ಎರಡನೇ ಸ್ಟಾರ್ಟ್ ಒತ್ತಿದರೆ ಎಸ್ಕೇಪ್, ಜಾಯ್‌ಸ್ಟಿಕ್ ಬಲಕ್ಕೆ ತಳ್ಳಿದರೆ ಟ್ಯಾಬ್. ಝೀರೋ ಡಿಲೇ ಅಂತ ಮಾರುವ ಅಗ್ಗದ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಶಿಫ್ಟ್ ಇರುವುದಿಲ್ಲ. ಅಲ್ಲಿ ಎರಡನೇ ಕೆಲಸವನ್ನು ಸಾಫ್ಟ್‌ವೇರ್‌ನಲ್ಲೇ ಮಾಡಬೇಕು.

ಶಿಫ್ಟ್ ಇದ್ದೂ ಬರದಿದ್ದರೆ ಒತ್ತುವ ಕ್ರಮ ನೋಡಿ. ಶಿಫ್ಟ್ ಮೊದಲು, ಇನ್ನೊಂದು ಆಮೇಲೆ. ಆಮೇಲೆ ಬೋರ್ಡಿನ ಸೆಟ್ಟಿಂಗ್ ತೆರೆದು ಆ ಬಟನ್‌ಗೆ ಶಿಫ್ಟ್ ಕೀ ತುಂಬಿದೆಯಾ, ಬೋರ್ಡ್ ಕೀಬೋರ್ಡ್ ಬಿಟ್ಟು ಗೇಮ್‌ಪ್ಯಾಡ್ ಮೋಡ್‌ಗೆ ಹೋಗಿದೆಯಾ ಅಂತ ನೋಡಿ.

ಇನ್ನೊಂದು ದೂರು: ಶಿಫ್ಟ್ ಆಗಿರುವ ಸ್ಟಾರ್ಟ್ ತಡವಾಗಿ ಕೆಲಸ ಮಾಡುತ್ತದೆ. ಇದು ದೋಷವೇ ಅಲ್ಲ. ಒತ್ತಿದ ಕೂಡಲೇ ನೀವು ಸ್ಟಾರ್ಟ್ ಕೇಳಿದ್ದೋ ಶಿಫ್ಟ್ ಕೇಳಿದ್ದೋ ಬೋರ್ಡಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಬೆರಳು ಎತ್ತಿದಾಗಲೇ ಸ್ಟಾರ್ಟ್ ಕಳಿಸುವ ಬೋರ್ಡ್‌ಗಳಿವೆ. ಅದಕ್ಕೇ ಗುಂಡು, ಜಿಗಿತದಂಥ ಅವಸರದ ಬಟನ್‌ಗೆ ಶಿಫ್ಟ್ ಕೊಡಬಾರದು. ಸ್ಟಾರ್ಟ್, ಕಾಯಿನ್ ಇಂಥದ್ದಕ್ಕೆ ಕೊಡಿ.

ಲಕ್ಷಣ: ಆಟದ ನಡುವೆ ಕಿಟಕಿ ಹಾರುತ್ತದೆ, ಮೆನು ತೆರೆಯುತ್ತದೆ, ಆಟವೇ ಮುಚ್ಚುತ್ತದೆ

ಪ್ಯಾನೆಲ್ಲಿನ ಮೇಲೆ ಅನುಮಾನ ಬರುತ್ತದೆ. ಆದರೆ ಬಹಳ ಸಲ ಪ್ಯಾನೆಲ್ ತಪ್ಪೇ ಮಾಡಿರುವುದಿಲ್ಲ.

ಹಳೇ ಆರ್ಕೇಡ್ ಆಟ ಓಡಿಸುವ ಮೇಮ್ ಎಮ್ಯುಲೇಟರ್‌ನ ಮೂಲ ಸೆಟ್ಟಿಂಗ್‌ನಲ್ಲಿ ಒಂದನೇ ಆಟಗಾರನ ಮೊದಲ ನಾಲ್ಕು ಬಟನ್‌ಗಳು ಎಡಗಡೆ ಕಂಟ್ರೋಲ್, ಎಡಗಡೆ ಆಲ್ಟ್, ಸ್ಪೇಸ್, ಎಡಗಡೆ ಶಿಫ್ಟ್. ಈಗ ಎರಡನೇ ಬಟನ್ ಹಿಡಿದಿರುವಾಗಲೇ ಶಿಫ್ಟ್ ಕೆಲಸದಿಂದ ಟ್ಯಾಬ್ ಬಂದರೆ ವಿಂಡೋಸ್‌ಗೆ ಅದು ಆಲ್ಟ್ ಮತ್ತು ಟ್ಯಾಬ್. ಕಿಟಕಿ ಬದಲಾಯಿಸುತ್ತದೆ. ಮೊದಲ ಬಟನ್ ಹಿಡಿದಾಗ ಎಸ್ಕೇಪ್ ಬಂದರೆ ಸ್ಟಾರ್ಟ್ ಮೆನು ಮೇಲೇಳುತ್ತದೆ. ನಾಲ್ಕನೇ ಬಟನ್ನನ್ನು ಬೇಗ ಬೇಗ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕಾ ಅಂತ ಕೇಳುತ್ತದೆ. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಸ್ಟಿಕಿ ಕೀಸ್ ಶಾರ್ಟ್‌ಕಟ್ ಆರಿಸಿಬಿಡಿ. ಉಳಿದವಕ್ಕೆ ಆ ಬಟನ್‌ಗಳಿಗೆ ಸಾದಾ ಅಕ್ಷರದ ಕೀ ಕೊಟ್ಟು, ಮೇಮ್‌ನಲ್ಲೂ ಅದನ್ನೇ ಹೊಂದಿಸಿ.

ಹಲವು ಎಮ್ಯುಲೇಟರ್‌ಗಳನ್ನು ಒಂದೇ ಕಡೆ ಓಡಿಸುವ ರೆಟ್ರೋಆರ್ಚ್‌ನಲ್ಲಿ ಸೆಲೆಕ್ಟ್ ಹಿಡಿದು ಸ್ಟಾರ್ಟ್ ಒತ್ತಿದರೆ ಹೊರಬರುವ ಥರದ ಜೋಡಿಗಳಿಗೆ ಹಾಟ್‌ಕೀ ಎನೇಬಲ್ ಅನ್ನುವ ಬಟನ್ ಗೊತ್ತು ಮಾಡಿರಬೇಕು. ಅದು ಖಾಲಿ ಇದ್ದರೆ ಎರಡನೇ ಕೆಲಸಗಳೆಲ್ಲ ಒಂಟಿ ಒತ್ತಿಗೇ ನಡೆಯುತ್ತವೆ. ಸ್ಟಾರ್ಟ್ ಒತ್ತಿದ ಕೂಡಲೇ ಆಟ ಮುಚ್ಚಿದರೆ ಮೊದಲು ಅಲ್ಲಿ ನೋಡಿ.

ಒಂದೇ ಒಂದು ಆಟದಲ್ಲಿ ಮಾತ್ರ ಹೀಗಾದರೆ ಆ ಆಟಕ್ಕೆಂದೇ ಉಳಿಸಿದ ಬೇರೆ ಸೆಟ್ಟಿಂಗ್ ಇರುತ್ತದೆ. ಮೇಮ್‌ನಲ್ಲಿ ಎಲ್ಲ ಆಟಕ್ಕೂ ಸೇರಿದ ಇನ್‌ಪುಟ್ ಪಟ್ಟಿ ಬೇರೆ, ಈಗ ಓಡುತ್ತಿರುವ ಆಟದ ಪಟ್ಟಿ ಬೇರೆ.

ಲಕ್ಷಣ: ಒಂದು ಸಲ ಒತ್ತಿದರೆ ಎರಡು ಕಾಯಿನ್, ಹಿಡಿದಿದ್ದರೂ ಕೈಬಿಟ್ಟಂತೆ

ಮೈಕ್ರೋಸ್ವಿಚ್ ಒಳಗಿನ ಲೋಹದ ತುಂಡು ಕೂಡುವಾಗ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ಹೊಸ ಸ್ವಿಚ್‌ನಲ್ಲೂ ಅಷ್ಟೇ, ಅದನ್ನು ಬೋರ್ಡ್ ನುಂಗಿಕೊಳ್ಳುತ್ತದೆ. ಸವೆದ ಸ್ವಿಚ್‌ನಲ್ಲಿ ಕುಣಿತ ಜಾಸ್ತಿ. ಒಂದು ಕೆಲಸದ ಬಟನ್‌ನಲ್ಲಿ ಇದು ಗೊತ್ತೇ ಆಗದಿರಬಹುದು. ಆದರೆ ಹಿಡಿದರೆ ಒಂದು, ತಟ್ಟಿದರೆ ಒಂದು ಅಂತ ಹಂಚಿದ ಬಟನ್‌ನಲ್ಲಿ ತಕ್ಷಣ ಎದ್ದು ಕಾಣುತ್ತದೆ. ಹಿಡಿದಿರುವಾಗ ಒಂದು ಸಲ ಸಂಪರ್ಕ ತಪ್ಪಿದರೂ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಚೆನ್ನಾಗಿರುವ ಮೈಕ್ರೋಸ್ವಿಚ್ ಹಾಕಿ ನೋಡುವುದೇ ಸುಲಭದ ಪರೀಕ್ಷೆ. ಸರಿಹೋದರೆ ಹಳೆಯದನ್ನು ಎಸೆಯಿರಿ, ಬಿಚ್ಚಿ ಉಜ್ಜುವ ಶ್ರಮಕ್ಕೆ ಬೆಲೆ ಇಲ್ಲ. ಫರ್ಮ್‌ವೇರ್ (ಬೋರ್ಡ್ ಒಳಗೆ ಓಡುವ ಪ್ರೋಗ್ರಾಂ) ನೀವೇ ಬರೆದಿದ್ದರೆ ಡಿಬೌನ್ಸ್ ಕಾಲ, ಅಂದರೆ ಈ ಕುಣಿತ ನಿಲ್ಲಲು ಬೋರ್ಡ್ ಕಾಯುವ ಸಮಯ, 5 ಮಿಲಿಸೆಕೆಂಡ್‌ನಿಂದ ಶುರು ಮಾಡಿ, ಬೇಕಾದರೆ ಸ್ವಲ್ಪ ಸ್ವಲ್ಪ ಏರಿಸಿ. ಸೆಕೆಂಡಿಗೆ 60 ಚೌಕಟ್ಟು ಓಡುವ ಆಟದಲ್ಲಿ ಒಂದು ಚೌಕಟ್ಟು ಸುಮಾರು 16.7 ಮಿಲಿಸೆಕೆಂಡ್. 20ಕ್ಕೆ ಏರಿಸಿದರೆ ಒಂದು ಚೌಕಟ್ಟಿಗಿಂತ ಜಾಸ್ತಿ ತಡ ಆಗಬಹುದು, ಹೊಡೆದಾಟದ ಆಟದಲ್ಲಿ ಅದು ಕೈಗೆ ಗೊತ್ತಾಗುತ್ತದೆ.

ಕೀ ಒಂದೇ ಲಯದಲ್ಲಿ ಪಟಪಟ ಬರುತ್ತಿದ್ದರೆ ಅದು ಸವೆತ ಅಲ್ಲ. ಬೋರ್ಡಿನ ಟರ್ಬೋ (ಹಿಡಿದಾಗ ತಾನೇ ಪದೇ ಪದೇ ಒತ್ತುವ) ಸೌಲಭ್ಯ ಆನ್ ಆಗಿರಬಹುದು.

ಲಕ್ಷಣ: ಬಟನ್ ದೀಪ ಮಂಕಾಗಿ ಉರಿಯುತ್ತದೆ, ದೀಪ ಹಾಕಿದರೆ ಬೋರ್ಡ್ ಬಿದ್ದುಹೋಗುತ್ತದೆ

ದೀಪದ ಬಟನ್‌ನಲ್ಲಿ ಸ್ವಿಚ್‌ಗೆ ಬೇರೆ, ಎಲ್‌ಇಡಿಗೆ ಬೇರೆ ಕಾಲುಗಳಿರುತ್ತವೆ. ಎಲ್‌ಇಡಿಯ ಮೈನಸ್ ಕಾಲು ಗ್ರೌಂಡ್‌ಗೆ ಹೋಗಬೇಕು. ಒತ್ತಿದಾಗ ಮಾತ್ರ ಉರಿಯಲಿ ಅಂತ ಅದನ್ನು ಎನ್‌ಓಗೆ ಸೇರಿಸುವವರಿದ್ದಾರೆ. 12 ವೋಲ್ಟ್ ಎಲ್‌ಇಡಿಯನ್ನು ಹಾಗೆ ಸೇರಿಸಿದರೆ ಬಟನ್ ಬಿಟ್ಟಿರುವಾಗ ಆ 12 ವೋಲ್ಟ್ ಎಲ್‌ಇಡಿ ದಾಟಿ ಬೋರ್ಡಿನ ಇನ್‌ಪುಟ್‌ಗೆ ನುಗ್ಗುತ್ತದೆ. ದೀಪ ಮಂಕಾಗಿ ಉರಿಯುವುದು ಅದರದ್ದೇ ಗುರುತು. ಇದನ್ನು ಕಂಡ ಕೂಡಲೇ ಪವರ್ ತೆಗೆಯಿರಿ. ಇನ್‌ಪುಟ್ ಸುಟ್ಟುಹೋದರೆ ಮತ್ತೆ ಬರುವುದಿಲ್ಲ.

ಎಲ್ಲ ದೀಪ ಹಾಕಿದಾಗ ಬೋರ್ಡ್ ಕಳಚಿ ಮತ್ತೆ ಸೇರಿದ ಸದ್ದು ಬಂದರೆ ಕರೆಂಟ್ ಸಾಲುತ್ತಿಲ್ಲ. ಯುಎಸ್‌ಬಿ 2.0 ಪೋರ್ಟ್‌ನ ಮಿತಿ 500 ಮಿಲಿಆಂಪ್. ಒಂದು ಎಲ್‌ಇಡಿಗೆ 20 ಮಿಲಿಆಂಪ್ ಅಂದರೆ 24 ಬಟನ್‌ಗೇ 480 ಆಯಿತು. ದೀಪಕ್ಕೆ ಬೇರೆ 5 ವೋಲ್ಟ್ ಸಪ್ಲೈ ಕೊಡಿ.

ಲಕ್ಷಣ: ಮೂರು ಬಟನ್ ಒತ್ತಿದರೆ ನಾಲ್ಕನೆಯದೂ ಬರುತ್ತದೆ

ಹಳೇ ಕೀಬೋರ್ಡ್ ಬಿಚ್ಚಿ ಅದರ ಬೋರ್ಡ್ ಬಳಸಿದ್ದರೆ ಮಾತ್ರ ಇದನ್ನು ಓದಿ. ಅದರಲ್ಲಿ ಎಲ್ಲಕ್ಕೂ ಸೇರಿದ ಗ್ರೌಂಡ್ ಇಲ್ಲ, ಅಡ್ಡಸಾಲು ಉದ್ದಸಾಲುಗಳ ಬಲೆ ಇದೆ. ಪ್ರತಿ ಬಟನ್‌ಗೂ ತನ್ನದೇ ಎರಡು ವೈರ್ ಬೇಕು. ಗ್ರೌಂಡ್ ಸರಪಳಿ ಹಾಕಿದರೆ ಸಾಲುಗಳೇ ಕೂಡಿಕೊಂಡು ಎಲ್ಲ ಕಲಸಿಹೋಗುತ್ತದೆ. ಸರಿಯಾಗಿ ಹಾಕಿದರೂ ಮೂರು ಬಟನ್ ಒಟ್ಟಿಗೆ ಒತ್ತಿದಾಗ ಭೂತ ಕೀ ಬರಬಹುದು, ಅಥವಾ ಮೂರನೆಯದು ಬಾರದಿರಬಹುದು. ಇದರ ಮೇಲೆ ಜೋಡಿ ಬಟನ್ ಕಟ್ಟಲು ಹೋಗಬೇಡಿ. ಸಾದಾ ಎನ್‌ಕೋಡರ್ ತನ್ನಿ.

ಎಲ್ಲಿ ನಿಲ್ಲಿಸಬೇಕು

ವೈರ್ ಅಥವಾ ಬೋರ್ಡ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಪ್ಯಾನೆಲ್‌ನ ಲೋಹ ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಜುಮ್ ಅನ್ನುವುದು ಬಟನ್ ವೈರಿನಿಂದ ಬರುವುದಿಲ್ಲ. ಪವರ್ ಸಪ್ಲೈನಲ್ಲಿ ಅಥವಾ ಅರ್ಥಿಂಗ್‌ನಲ್ಲಿ ದೋಷ ಇದೆ. ಅದನ್ನು ಎಲೆಕ್ಟ್ರಿಷಿಯನ್ ನೋಡುವ ತನಕ ಪ್ಲಗ್ ಹಾಕಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಟ್ಯೂಬ್ ಮಾನಿಟರ್ ರಿಪೇರಿಯೂ ಅದನ್ನು ಕಲಿತವರ ಕೆಲಸವೇ.

ಕ್ಲಿಪ್ ವೈರ್ ತಾಗಿಸಿದರೂ ಇನ್‌ಪುಟ್‌ನಿಂದ ಕೀ ಬರುವುದಿಲ್ಲ, ಸೆಟ್ಟಿಂಗ್ ಸರಿಯಾಗಿದೆ, ಬೇರೆ ಕಂಪ್ಯೂಟರ್‌ನಲ್ಲೂ ಹಾಗೇ ಅಂದರೆ ಬೋರ್ಡಿನ ಆ ಕಾಲು ಹೋಗಿದೆ. ಖಾಲಿ ಇನ್‌ಪುಟ್ ಇದ್ದರೆ ವೈರನ್ನು ಅಲ್ಲಿಗೆ ಸರಿಸಿ, ಸೆಟ್ಟಿಂಗ್‌ನಲ್ಲಿ ಕೀ ಬದಲಿಸಿ. ಆದರೆ ಅದು ಯಾಕೆ ಹೋಯಿತು ಅಂತ ತಿಳಿಯದೆ ಸರಿಸಿದರೆ ಹೊಸ ಕಾಲೂ ಹೋಗಬಹುದು. ಎಲ್‌ಇಡಿ ವೈರ್ ಮೊದಲು ನೋಡಿ.

ಬೇರೆಯವರ ಸಹಾಯ ಕೇಳುವುದಾದರೆ ಬೋರ್ಡಿನ ಹೆಸರು, ಜೋಡಿ ಬಟನ್‌ನ ಪ್ರತಿ ವೈರ್ ಎಲ್ಲಿಂದ ಎಲ್ಲಿಗೆ ಅನ್ನುವ ಕೈಬರಹದ ನಕ್ಷೆ, ಒತ್ತಿದಾಗ ಮತ್ತು ಬಿಟ್ಟಾಗ ಇನ್‌ಪುಟ್‌ನಲ್ಲಿ ಸಿಕ್ಕ ವೋಲ್ಟೇಜ್, ಎರಡನೇ ಕೆಲಸ ತೆಗೆದಾಗ ಏನಾಯಿತು ಅನ್ನುವುದು, ಇಷ್ಟನ್ನು ಬರೆದಿಟ್ಟುಕೊಂಡು ಹೋಗಿ. ವೈರುಗಳ ಗೊಂಚಲಿನ ಫೋಟೋ ನೋಡಿ ಯಾರೂ ಏನೂ ಹೇಳಲಾರರು. ಈ ನಾಲ್ಕು ಸಂಗತಿ ಕೈಯಲ್ಲಿದ್ದರೆ ಪ್ಯಾನೆಲ್ ನೋಡದೆಯೂ ಹೇಳಬಹುದು.